ದಪ್ಪ ಗ್ಲೌಸ್ ತೊಟ್ಟ ಕೈಗೆ ಒಂದು ಟೂಲ್ ಮಾಡುವುದು ಹೇಗೆ?

ಗಗನಯಾತ್ರಿಗಳ ಕೈಗೆ ಟೂಲ್ ಮಾಡುವ ನಾಸಾದ ‘ಮೈಕ್ರೋ-ಜಿ ನೆಕ್ಸ್ಟ್’ ಸ್ಪರ್ಧೆಗೆ ಸೇರಬೇಕು ಅಂತ ನಮ್ಮ ವರ್ಕ್‌ಶಾಪಿಗೆ ಬರುವ ವಿದ್ಯಾರ್ಥಿಗಳು ಮೊದಲು ಲ್ಯಾಪ್‌ಟಾಪ್ ತೆರೆದು ತ್ರೀಡಿ ಡ್ರಾಯಿಂಗ್ ತೋರಿಸುತ್ತಾರೆ. ನಾನು ಬೀರುವಿನಿಂದ ಒಂದು ಜೊತೆ ಸ್ಕೀ ಗ್ಲೌಸ್ ತೆಗೆದು ಕೊಡುತ್ತೇನೆ. ಇದನ್ನು ಹಾಕಿಕೊಂಡು ಈ ನಟ್ಟನ್ನು ಬೋಲ್ಟಿಗೆ ಕೂರಿಸಿ ಅನ್ನುತ್ತೇನೆ. ನಟ್ಟು ನೆಲಕ್ಕೆ ಬೀಳುತ್ತದೆ. ಹೆಬ್ಬೆಟ್ಟಿನ ಗಾತ್ರದ ಬಟನ್ ಇಟ್ಟು ಮಾಡಿದ ಡ್ರಾಯಿಂಗ್ ಅಲ್ಲಿಗೆ ಮುಗಿಯಿತು.

ನಾನು ದಾವಣಗೆರೆ ಕಡೆಯವನು. ಈಗ ಟೆಕ್ಸಾಸ್‌ನ ಒಂದು ಕಾಲೇಜಿನಲ್ಲಿ ವರ್ಕ್‌ಶಾಪ್ ನೋಡಿಕೊಳ್ಳುತ್ತೇನೆ. ಸ್ಪರ್ಧೆ ಏನೆಂದರೆ, ಬಾಹ್ಯಾಕಾಶ ನಡಿಗೆಯಲ್ಲೋ ಚಂದ್ರನ ಮೇಲೋ ಬೇಕಾಗುವ ಒಂದು ಕೆಲಸವನ್ನು ನಾಸಾ ಹೇಳುತ್ತದೆ: ಕಲ್ಲಿನ ಚೂರು ಎಬ್ಬಿಸುವುದು, ಮಣ್ಣಿನ ಮಾದರಿ ತೆಗೆಯುವುದು, ಹೀಗೆ. ಡಿಗ್ರಿ ಓದುವವರು ಅದಕ್ಕೆ ಟೂಲ್ ಮಾಡಬೇಕು. ಆಯ್ಕೆಯಾದರೆ ಹ್ಯೂಸ್ಟನ್‌ನ ದೊಡ್ಡ ತರಬೇತಿ ಕೊಳದಲ್ಲಿ ಅದರ ಪರೀಕ್ಷೆ; ನೀರಲ್ಲಿ ತೇಲುವುದು ಬಾಹ್ಯಾಕಾಶದಲ್ಲಿ ತೂಕವಿಲ್ಲದೆ ಇರುವುದಕ್ಕೆ ಹತ್ತಿರ. ಕೊಳ ಸುಮಾರು 62 ಮೀಟರ್ ಉದ್ದ, 12 ಮೀಟರ್ ಆಳ, 2 ಕೋಟಿ ಲೀಟರ್‌ಗಿಂತ ಜಾಸ್ತಿ ನೀರು. ಪೌರತ್ವದ ಷರತ್ತು ಇರುತ್ತದೆ, ಅದನ್ನು ಮೊದಲೇ ಓದಿಕೊಳ್ಳಿ. ಕರ್ನಾಟಕದಲ್ಲಿ ಓದುತ್ತಿರುವವರು ಹೊರದೇಶದ ತಂಡಗಳಿಗೂ ಅವಕಾಶವಿರುವ ನಾಸಾದ ರೋವರ್ ಚಾಲೆಂಜ್ ಅನ್ನೋ, ಬೆಂಗಳೂರಿನ ಯು.ಆರ್. ರಾವ್ ಉಪಗ್ರಹ ಕೇಂದ್ರದ ರೋಬೋಟಿಕ್ಸ್ ಸ್ಪರ್ಧೆಯನ್ನೋ ನೋಡಬಹುದು. ಕೆಳಗಿನದರಲ್ಲಿ ಬಹುಪಾಲು ಅಲ್ಲಿಗೂ ಸಲ್ಲುತ್ತದೆ.

ಮೊದಲ ಕೆಲಸ, ನಿಯಮಗಳ ಕಾಗದವನ್ನು ಪ್ರಿಂಟ್ ತೆಗೆದು ಪೆನ್ನು ಹಿಡಿದು ಓದುವುದು. ‘ಇರಲೇಬೇಕು’ ಅನ್ನುವ ಪ್ರತಿ ಸಾಲಿಗೂ ತಂಡದಲ್ಲಿ ಒಬ್ಬರ ಹೆಸರು ಬರೆಯಿರಿ. ಇದು ಬೇಜಾರಿನ ಕೆಲಸ. ಆದರೆ ತಂಡಗಳು ಎಡವುವುದು ಜಾಸ್ತಿ ಇಲ್ಲೇ, ಬುದ್ಧಿ ಸಾಲದೆ ಅಲ್ಲ.

ಆಮೇಲೆ ಕೈ. ನಾಸಾದ ಬಾಹ್ಯಾಕಾಶ ನಡಿಗೆಯ ಸೂಟಿನೊಳಗೆ ಚದರ ಇಂಚಿಗೆ 4.3 ಪೌಂಡ್ ಒತ್ತಡ ಇರುತ್ತದೆ. ಮುಷ್ಟಿ ಕಟ್ಟುವುದೆಂದರೆ ಗಾಳಿ ತುಂಬಿದ ಸೈಕಲ್ ಟ್ಯೂಬನ್ನು ಮತ್ತೆ ಮತ್ತೆ ಬಗ್ಗಿಸಿದ ಹಾಗೆ. ಕೆಲಸಕ್ಕಿಂತ ಮೊದಲು ಮುಂಗೈ ಸೋಲುತ್ತದೆ. ಹಾಗಾಗಿ ಹಿಡಿ ದಪ್ಪಗಿರಲಿ. ಚಿವುಟಿ ಹಿಡಿಯುವ, ತಿರುಚುವ ಕೆಲಸ ಬೇಡ. ಬಲಗೈಗೂ ಎಡಗೈಗೂ ಒಂದೇ ಥರ ಒಗ್ಗಲಿ. ಬೆರಳು ಹೊಕ್ಕು ಸಿಕ್ಕಿಕೊಳ್ಳುವ ಅಳತೆಯ ತೂತು ಎಲ್ಲೂ ಇರಬಾರದು. ಅಂಚುಗಳಿಗೆಲ್ಲ ಅರ ಹಾಕಿ, ಹಳೇ ನೈಲಾನ್ ಸಾಕ್ಸ್ ಸವರಿ ನೋಡಿ. ಒಂದು ಎಳೆ ಸಿಕ್ಕಿದರೂ ಮತ್ತೆ ಅರ ಹಾಕಿ.

ಟೂಲ್ ಸಿಕ್ಕಿಹಾಕಿಕೊಂಡರೆ ಗಗನಯಾತ್ರಿಗಳು ಏನು ಮಾಡುತ್ತಾರೆ? ಇದಕ್ಕೆ ಕಾಗದದ ಮೇಲೆ ಉತ್ತರ ಬೇಕು. 1971ರಲ್ಲಿ ಅಪೊಲೊ 15ರ ಡೇವಿಡ್ ಸ್ಕಾಟ್ ಚಂದ್ರನ ಮಣ್ಣಿಗೆ ಇಳಿಸಿದ ಡ್ರಿಲ್ ಕೊಳವೆ ಮೇಲಕ್ಕೆ ಬರಲೇ ಇಲ್ಲ. ಸ್ಕಾಟ್, ಜಿಮ್ ಇರ್ವಿನ್ ಇಬ್ಬರೂ ಭುಜ ಕೊಟ್ಟು ಕಿತ್ತರು. ಮುಂದಿನ ವರ್ಷ ಅಪೊಲೊ 16 ಹೊರಟಾಗ ಕೊಳವೆ ಎತ್ತಲು ಒಂದು ಜಾಕ್ ಜೊತೆಗೆ ಹೋಯಿತು. ಒಳಗೆ ಹೋಗುವುದನ್ನು ಎಲ್ಲರೂ ಡಿಸೈನ್ ಮಾಡುತ್ತಾರೆ, ಹೊರಗೆ ಬರುವುದನ್ನು ಮಾಡುವವರು ಕಡಿಮೆ ಅಲ್ವಾ?

ಮೊದಲ ಮಾದರಿ ರಟ್ಟು, ಪಿವಿಸಿ ಪೈಪು, ಟೇಪಿನಲ್ಲೇ ಆಗಲಿ. ಗ್ಲೌಸ್ ಹಾಕಿಕೊಂಡು ಅದರಲ್ಲಿ ಕೆಲಸ ಮಾಡಿ, ವಿಡಿಯೊ ತೆಗೆಯಿರಿ. ಲೇಥ್ ಹತ್ತಿರ ಹೋಗುವುದು ಆಮೇಲೆ. ಆಯ್ಕೆಗಾಗಿ ನಾಸಾಗೆ ಬರೆದು ಕಳಿಸುವ ಪ್ರಪೋಸಲ್‌ನಲ್ಲಿ ತಾಂತ್ರಿಕ ಭಾಗ, ಸುರಕ್ಷತೆ, ಶಾಲಾ ಮಕ್ಕಳಿಗೆ ನೀವು ಏನು ಹೇಳಿಕೊಡುತ್ತೀರಿ ಎಂಬ ಭಾಗ, ಮೂರೂ ಬೇಕು. ಕೊನೆಯದನ್ನು ಹಿಂದಿನ ರಾತ್ರಿ ಸುಮ್ನೆ ಗೀಚಿದರೆ ಓದುವವರಿಗೆ ಗೊತ್ತಾಗುತ್ತದೆ.

ನೀರಿನ ಗುಣ ಬೇರೆ. ಕೊಳವೆಯೊಳಗೆ ಗಾಳಿ ಉಳಿದರೆ ಟೂಲ್ ತೇಲಲು ನೋಡುತ್ತದೆ. ಟೊಳ್ಳಿರುವ ಕಡೆಯೆಲ್ಲ ನೀರು ಒಳಗೆ ಬರಲು, ಗಾಳಿ ಹೊರಗೆ ಹೋಗಲು ದಾರಿ ಬಿಡಿ. ಜೋರಾಗಿ ಬೀಸುವ ಸುತ್ತಿಗೆಯ ವೇಗವನ್ನು ನೀರು ನುಂಗಿಬಿಡುತ್ತದೆ, ಅದರ ಬದಲು ಸ್ಪ್ರಿಂಗ್ ನಂಬಬಹುದು. ಕಾಲೇಜಿನ ಈಜುಕೊಳದಲ್ಲಿ ಒಂದು ಸಂಜೆ ಕೇಳಿಕೊಳ್ಳಿ. ತುಕ್ಕು ಹಿಡಿಯುವುದು, ಬಣ್ಣ ಉದುರುವುದು ಅಲ್ಲೇ ತಿಳಿಯುತ್ತದೆ.

ಹ್ಯೂಸ್ಟನ್‌ನಲ್ಲಿ ನೀರಿಗಿಳಿಯುವವರು ನೀವಲ್ಲ, ಅಲ್ಲಿನ ಡೈವರ್‌ಗಳು. ನಿಮ್ಮವರೊಬ್ಬರು ಮೇಲಿನ ಕಂಟ್ರೋಲ್ ರೂಮಿನಲ್ಲಿ ಕೂತು ಮೈಕಿನಲ್ಲಿ ಹೇಳಬೇಕು. ‘ಆ ಹಿಡಿ, ಅಲ್ಲ ಇನ್ನೊಂದು’ ಅಂದರೆ ಯಾರಿಗೂ ತಿಳಿಯದು. ಭಾಗಗಳಿಗೆ ಬಣ್ಣದ ಟೇಪು ಸುತ್ತಿ, ಕೆಂಪು, ಹಳದಿ ಅಂತಲೇ ಹೇಳಿ. ಇದನ್ನು ಊರಲ್ಲೇ ಅಭ್ಯಾಸ ಮಾಡಿ: ಟೂಲನ್ನು ಯಾವತ್ತೂ ನೋಡದ ಗೆಳೆಯನೊಬ್ಬ ಪಕ್ಕದ ಕೋಣೆಯಲ್ಲಿರಲಿ, ನೀವು ಫೋನಿನಲ್ಲಿ ಮಾತ್ರ ಹೇಳಿ. ಅವನು ತಡವರಿಸಿದ ಕಡೆ ಮಾತನ್ನಲ್ಲ, ಟೂಲನ್ನೇ ತಿದ್ದಿ. ಪೆಟ್ಟಿಗೆ ಕಟ್ಟುವಾಗ ಬಿಡಿ ಸ್ಪ್ರಿಂಗು, ಬೋಲ್ಟು, ಅವಕ್ಕೆ ಹೊಂದುವ ಆಲನ್ ಕೀ ಇಡಿ.