ಮೊದಲ ಲೋಕಸಭೆಯ ನಡವಳಿಗಳನ್ನು ಓದುವ ಕ್ರಮ

ವಯಸ್ಕ ಮತದಾನದಿಂದ ಆರಿಸಿಬಂದ ಭಾರತದ ಮೊದಲ ಲೋಕಸಭೆ 1952ರ ಮೇ 13ರಂದು ಸೇರಿತು. 1957ರ ಏಪ್ರಿಲ್ 4ರಂದು ವಿಸರ್ಜನೆಯಾಯಿತು. ಈ ಐದು ವರ್ಷಗಳಲ್ಲಿ ಅದು 677 ದಿನ ಕೂತಿತ್ತು, ಅಷ್ಟೂ ದಿನಗಳ ಮಾತು ಅಚ್ಚಾಗಿ ಉಳಿದಿದೆ. ಇಷ್ಟು ದೊಡ್ಡ ದಾಖಲೆಯನ್ನು ಮೊದಲ ಪುಟದಿಂದ ಓದಲು ಹೊರಟರೆ ಒಂದು ವಾರದಲ್ಲೇ ಕೈಬಿಡಬೇಕಾಗುತ್ತದೆ. ನಿಮ್ಮ ಜಿಲ್ಲೆಯ ಸದಸ್ಯರೊಬ್ಬರನ್ನೂ ಒಂದು ಮಸೂದೆಯನ್ನೂ ಆರಿಸಿಕೊಂಡು, ಆ ಎರಡು ಎಳೆಗಳನ್ನು ಹಿಡಿದು ಒಳಗೆ ಹೋಗುವುದು ನನ್ನ ದೃಷ್ಟಿಯಲ್ಲಿ ಸರಿಯಾದ ದಾರಿ.

ಮೊದಲ ಕೆಲಸ ಇಂದಿನ ಭೂಪಟವನ್ನು ಬದಿಗಿಡುವುದು. 1952ರಲ್ಲಿ ಕನ್ನಡ ನಾಡು ಒಂದೇ ರಾಜ್ಯವಾಗಿರಲಿಲ್ಲವಾದ್ದರಿಂದ, ಈಗಿನ ಕರ್ನಾಟಕದ ಪ್ರತಿನಿಧಿಗಳು ಮೈಸೂರು, ಮುಂಬಯಿ, ಮದರಾಸು, ಹೈದರಾಬಾದು ಮತ್ತು ಕೊಡಗು ಎಂಬ ಐದು ರಾಜ್ಯಗಳ ಪಟ್ಟಿಗಳಲ್ಲಿ ಚದುರಿ ಹೋಗಿದ್ದಾರೆ. ಚಿತ್ರದುರ್ಗದ ಎಸ್. ನಿಜಲಿಂಗಪ್ಪನವರು ಮೈಸೂರು ರಾಜ್ಯದ ಪಟ್ಟಿಯಲ್ಲಿ ಸಿಗುತ್ತಾರೆ. ಕೆನರಾ (ಈಗಿನ ಉತ್ತರ ಕನ್ನಡ) ಕ್ಷೇತ್ರದ ಜೋಕಿಂ ಆಳ್ವ ಅವರನ್ನು ಮುಂಬಯಿಯಲ್ಲಿ, ದಕ್ಷಿಣ ಕನ್ನಡದ ಯು. ಶ್ರೀನಿವಾಸ ಮಲ್ಯ ಮತ್ತು ಬೆನಗಲ್ ಶಿವರಾವ್ ಅವರನ್ನು ಮದರಾಸಿನಲ್ಲಿ, ಕುಷ್ಟಗಿಯಿಂದ ಪಕ್ಷೇತರರಾಗಿ ಗೆದ್ದ ಶಿವಮೂರ್ತಿ ಸ್ವಾಮಿಯವರನ್ನು ಹೈದರಾಬಾದಿನಲ್ಲಿ ಹುಡುಕಬೇಕು. ಆಗ ಕೆಲವು ಕ್ಷೇತ್ರಗಳಿಗೆ ಇಬ್ಬರು ಸದಸ್ಯರಿದ್ದರು ಎಂಬುದನ್ನೂ ಮರೆಯಬಾರದು. ಮೈಸೂರು ಕ್ಷೇತ್ರದಿಂದ ಕಿಸಾನ್ ಮಜ್ದೂರ್ ಪ್ರಜಾ ಪಕ್ಷದ ಎಂ.ಎಸ್. ಗುರುಪಾದಸ್ವಾಮಿಯವರೂ ಕಾಂಗ್ರೆಸ್ಸಿನ ಎನ್. ರಾಚಯ್ಯನವರೂ ಒಟ್ಟಿಗೆ ಆರಿಸಿಬಂದಿದ್ದರು.

ಸಂಪುಟಗಳ ಸ್ಕ್ಯಾನ್ ಪ್ರತಿಗಳು ಸಂಸತ್ತಿನ ಡಿಜಿಟಲ್ ಗ್ರಂಥಾಲಯದಲ್ಲಿ ಉಚಿತವಾಗಿ ಸಿಗುತ್ತವೆ. ಹುಡುಕುವಾಗ ಹೆಸರಿನ ಗೊಂದಲವೊಂದನ್ನು ದಾಟಬೇಕು. ಲೋಕಸಭೆ ಎಂಬ ಹೆಸರು ಅಧಿಕೃತವಾಗಿ ಬಂದದ್ದು 1954ರ ಮೇ ತಿಂಗಳಲ್ಲಿ. ಅದಕ್ಕೆ ಹಿಂದಿನ ಸಂಪುಟಗಳ ಮೇಲೆ ‘ಹೌಸ್ ಆಫ್ ದಿ ಪೀಪಲ್’ ಎಂದಿರುತ್ತದೆ. 1950ರಿಂದ 1952ರವರೆಗೆ ಸಂವಿಧಾನ ಸಭೆಯೇ ತಾತ್ಕಾಲಿಕ ಸಂಸತ್ತಾಗಿ ನಡೆದಿತ್ತು. ಅದರ ಚರ್ಚೆಗಳೂ ಸಂಸತ್ತಿನ ಚರ್ಚೆಗಳೆಂಬ ಹೆಸರಿನಲ್ಲೇ ಇರುವುದರಿಂದ, ದಿನಾಂಕ ನೋಡದೆ ಯಾವ ಕಡತವನ್ನೂ ಮೊದಲ ಲೋಕಸಭೆಯದೆಂದು ಎಣಿಸಬೇಡಿ. ದಿನದ ಕಲಾಪ ಎರಡು ಭಾಗಗಳಲ್ಲಿ ಅಚ್ಚಾಗಿದೆ. ಒಂದನೆಯದು ಪ್ರಶ್ನೋತ್ತರ, ಎರಡನೆಯದು ಉಳಿದೆಲ್ಲ ಕಲಾಪ. ಸಂಖ್ಯೆ ಇರುವುದು ಪುಟಕ್ಕಲ್ಲ, ಪುಟದ ಎರಡು ಅಂಕಣಗಳಿಗೆ. ಸ್ಕ್ಯಾನ್ ಪ್ರತಿಯಲ್ಲಿ ಯಂತ್ರ ಅಕ್ಷರಗಳನ್ನು ತಪ್ಪಾಗಿ ಗುರುತಿಸಿರಬಹುದಾದ್ದರಿಂದ, ಹೆಸರನ್ನು ಎರಡು ಮೂರು ಕಾಗುಣಿತಗಳಲ್ಲಿ ಹುಡುಕಿ, ಆಮೇಲೆ ಸಂಪುಟದ ವಿಷಯಸೂಚಿಯನ್ನು ಕಣ್ಣಿನಿಂದಲೇ ಓದುವುದು ಒಳ್ಳೆಯದು.

ಓದನ್ನು ಪ್ರಶ್ನೋತ್ತರದಿಂದ ಆರಂಭಿಸಿ. ಚುಕ್ಕೆ ಗುರುತಿನ ಪ್ರಶ್ನೆಗೆ ಮಂತ್ರಿ ಸದನದಲ್ಲೇ ಉತ್ತರಿಸಬೇಕು. ಚುಕ್ಕೆ ರಹಿತ ಪ್ರಶ್ನೆಗೆ ಲಿಖಿತ ಉತ್ತರ ಸಾಕು. ಸಿದ್ಧಪಡಿಸಿ ತಂದ ಮೊದಲ ಉತ್ತರಕ್ಕಿಂತ, ಅದರ ಬೆನ್ನಿಗೆ ಬರುವ ಉಪಪ್ರಶ್ನೆಗಳನ್ನು ಹೆಚ್ಚು ಗಮನವಿಟ್ಟು ಓದಬೇಕು. ಸರ್ಕಾರಕ್ಕೆ ಏನು ಗೊತ್ತಿತ್ತು, ಏನನ್ನು ಹೇಳಲು ಅದು ಹಿಂಜರಿಯಿತು ಎಂಬುದು ಅಲ್ಲಿ ತೆರೆದುಕೊಳ್ಳುತ್ತದೆ. ಧಾರವಾಡದ ಡಿ.ಪಿ. ಕರಮರಕರ, ಬೆಳಗಾವಿಯ ಬಿ.ಎನ್. ದಾತಾರ, ಕೋಲಾರದ ಎಂ.ವಿ. ಕೃಷ್ಣಪ್ಪ ಇವರು ಉಪಮಂತ್ರಿಗಳಾಗಿದ್ದರು. ಆದ್ದರಿಂದ ಅವರ ಹೆಸರು ಪ್ರಶ್ನೆ ಕೇಳಿದವರಲ್ಲಿ ಕಾಣದಿದ್ದರೆ, ಉತ್ತರ ಕೊಟ್ಟವರಲ್ಲಿ ನೋಡಿ. ‘ಪರಿಶೀಲಿಸಲಾಗುವುದು’ ಎಂದು ಮಂತ್ರಿ ಕೊಟ್ಟ ಮಾತಿನ ಗತಿಯನ್ನು ತಿಳಿಯಲು ಸರ್ಕಾರದ ಭರವಸೆಗಳ ಸಮಿತಿಯ ವರದಿಗಳಿವೆ. ಆ ಸಮಿತಿ ಇದೇ ಲೋಕಸಭೆಯ ಕಾಲದಲ್ಲಿ, 1953ರಲ್ಲಿ ಹುಟ್ಟಿತು.

ಮಸೂದೆಯನ್ನು ಓದುವಾಗ ಮಂಡನೆ, ಸಾಮಾನ್ಯ ಚರ್ಚೆ, ಎರಡೂ ಸದನಗಳ ಜಂಟಿ ಸಮಿತಿಯ ವರದಿ, ಖಂಡವಾರು (ಮಸೂದೆಯ ಒಂದೊಂದೇ ಕಲಮಿನ) ಚರ್ಚೆ, ಅಂಗೀಕಾರ ಎಂಬ ಹಂತಗಳ ದಿನಾಂಕಗಳನ್ನು ಮೊದಲು ಬರೆದಿಟ್ಟುಕೊಳ್ಳಿ. ಹಿಂದೂ ವಿವಾಹ ಮಸೂದೆಯನ್ನು ಆರಿಸಿಕೊಂಡಿರಾದರೆ, ಅದು ಮೊದಲು ಮಂಡನೆಯಾದದ್ದು ಮೇಲ್ಮನೆಯಲ್ಲಿ ಎಂಬುದನ್ನು ತಿಳಿದಿರಬೇಕು. ಹಿಂದೂಗಳ ವಿವಾಹ, ಆಸ್ತಿ ಹಕ್ಕು ಮುಂತಾದ ಕಾನೂನುಗಳನ್ನು ಒಂದುಗೂಡಿಸಲು ಹೊರಟಿದ್ದ ಹಿಂದೂ ಸಂಹಿತೆಯ ವಿಷಯದಲ್ಲಿ 1951ರಲ್ಲಿ ಮಂತ್ರಿಪದವಿ ಬಿಟ್ಟ ಅಂಬೇಡ್ಕರ್ ಅವರು 1952ರಲ್ಲಿ ಮುಂಬಯಿಯಲ್ಲಿ ಸೋತು ರಾಜ್ಯಸಭೆಗೆ ಬಂದಿದ್ದರು. ಅವರ ಮಾತುಗಳಿಗಾಗಿಯೂ ಆ ಸದನದ ಸಂಪುಟಗಳನ್ನೇ ತೆರೆಯಬೇಕು.

ಕನ್ನಡ ಓದುಗರು ಇಡಿಯಾಗಿ ಓದಲೇಬೇಕಾದ ಚರ್ಚೆಯೊಂದಿದೆ: ರಾಜ್ಯ ಪುನರ್ವಿಂಗಡಣಾ ಆಯೋಗದ ವರದಿಯ ಮೇಲೆ 1955ರ ಡಿಸೆಂಬರಿನಲ್ಲಿ ನಡೆದದ್ದು. ಫಜಲ್ ಅಲಿ ಅಧ್ಯಕ್ಷರಾಗಿದ್ದ ಈ ಆಯೋಗ ಕನ್ನಡ ಪ್ರದೇಶಗಳನ್ನು ಒಂದುಗೂಡಿಸಲು ಶಿಫಾರಸು ಮಾಡಿದರೂ, ಬಳ್ಳಾರಿ, ಹೊಸಪೇಟೆ, ಸಿರುಗುಪ್ಪ ತಾಲ್ಲೂಕುಗಳನ್ನು ಆಂಧ್ರಕ್ಕೆ ಕೊಡಬೇಕೆಂದಿತ್ತು. 1956ರ ರಾಜ್ಯ ಪುನರ್ವಿಂಗಡಣಾ ಕಾಯ್ದೆಯಲ್ಲಿ ಅವು ಮೈಸೂರಿನಲ್ಲೇ ಉಳಿದವು, ಕಾಸರಗೋಡು ಕೇರಳಕ್ಕೆ ಹೋಯಿತು. ಹಾಗಾಗಿ ಮೊದಲು ವರದಿಯ ಕರ್ನಾಟಕ ಮತ್ತು ಆಂಧ್ರದ ಅಧ್ಯಾಯಗಳನ್ನು, ಆಮೇಲೆ ಡಿಸೆಂಬರಿನ ಚರ್ಚೆಯನ್ನು, ಕೊನೆಗೆ 1956ರ ಮಸೂದೆಯನ್ನೂ ಅದರ ಜಂಟಿ ಸಮಿತಿಯ ವರದಿಯನ್ನೂ ಕ್ರಮವಾಗಿ ಓದಬೇಕು. ಬಳ್ಳಾರಿಯ ಸದಸ್ಯ ಟೇಕೂರು ಸುಬ್ರಹ್ಮಣ್ಯಂ, ಕಲಬುರಗಿಯಿಂದ ಬಂದಿದ್ದ ಸ್ವಾಮಿ ರಾಮಾನಂದ ತೀರ್ಥ, ಕೊಡಗಿನ ಎನ್. ಸೋಮಣ್ಣ ಇವರ ಹೆಸರುಗಳನ್ನು ಸೂಚಿಯಲ್ಲಿ ಗುರುತು ಹಾಕಿಕೊಂಡು ಹೋಗಿ. ಆದರೆ ಕನ್ನಡದವರ ಭಾಷಣಗಳನ್ನಷ್ಟೇ ಆಯ್ದು ಓದಿ ಮುಗಿಸಬೇಡಿ. ಮರಾಠಿ, ತೆಲುಗು, ಮಲಯಾಳಂ ಪ್ರದೇಶಗಳ ಸದಸ್ಯರು ಅದೇ ಗಡಿಯ ಬಗ್ಗೆ ಆಡಿದ ಮಾತನ್ನು ಓದದೆ, ನಮ್ಮವರು ಯಾರಿಗೆ ಉತ್ತರ ಕೊಡುತ್ತಿದ್ದಾರೆ ಎಂಬುದೇ ತಿಳಿಯುವುದಿಲ್ಲ.

ಮತಗಳ ಎಣಿಕೆಗೆ ಹೆಚ್ಚು ತೂಕ ಕೊಡಬೇಕಿಲ್ಲ. ಚುನಾಯಿತ 489 ಸ್ಥಾನಗಳಲ್ಲಿ 364 ಕಾಂಗ್ರೆಸ್ಸಿನವು. ಎರಡನೆಯ ಸ್ಥಾನದಲ್ಲಿದ್ದ ಕಮ್ಯುನಿಸ್ಟ್ ಪಕ್ಷಕ್ಕೆ ಸಿಕ್ಕಿದ್ದು 16. ಮತಕ್ಕೆ ಹಾಕಿದರೆ ಫಲಿತಾಂಶ ಮೊದಲೇ ಗೊತ್ತಿದ್ದ ಸಭೆಯಲ್ಲಿ ಕಮ್ಯುನಿಸ್ಟ್ ಪಕ್ಷದ ಎ.ಕೆ. ಗೋಪಾಲನ್ ಮತ್ತು ಹಿರೇನ್ ಮುಖರ್ಜಿ, ಪಕ್ಷೇತರ ವಿಜ್ಞಾನಿ ಮೇಘನಾದ ಸಾಹಾ, 1953ರ ಜೂನಿನಲ್ಲಿ ತೀರಿಕೊಂಡ ಜನಸಂಘದ ನಾಯಕ ಶ್ಯಾಮಾಪ್ರಸಾದ ಮುಖರ್ಜಿ ಇಂಥವರ ವಾದಗಳಿಂದ ಯಾವ ತಿದ್ದುಪಡಿಯನ್ನು ಸರ್ಕಾರ ಒಪ್ಪಿಕೊಂಡಿತು, ಯಾವುದನ್ನು ತಾನೇ ಬೇರೆ ಪದಗಳಲ್ಲಿ ತಂದಿತು ಎಂಬುದನ್ನು ಖಂಡವಾರು ಚರ್ಚೆಯಲ್ಲಿ ಹುಡುಕಿ. ಆಡಳಿತ ಪಕ್ಷದ ಹಿಂದಿನ ಸಾಲಿನವರು ತಮ್ಮದೇ ಮಂತ್ರಿಯನ್ನು ಪ್ರಶ್ನಿಸಿದ ಕಡೆಗಳಿಗೂ ಗುರುತು ಹಾಕಿ. 1956ರ ಫೆಬ್ರವರಿಯಲ್ಲಿ ನಿಧನರಾಗುವವರೆಗೆ ಸ್ಪೀಕರ್ ಆಗಿದ್ದ ಜಿ.ವಿ. ಮಾವಳಂಕರ್, ಬಳಿಕ ಆ ಪೀಠಕ್ಕೆ ಬಂದ ಅನಂತಶಯನಂ ಅಯ್ಯಂಗಾರ್ ಇವರಿಬ್ಬರ ತೀರ್ಪುಗಳನ್ನು ಪ್ರತ್ಯೇಕ ಹಾಳೆಯಲ್ಲಿ ಬರೆದಿಡಿ; ಸದನದ ಸಂಪ್ರದಾಯಗಳು ಹೇಗೆ ನೆಲೆಗೊಂಡವು ಎಂಬುದು ಅಲ್ಲಿ ಸಿಗುತ್ತದೆ.

ಪ್ರತಿ ಟಿಪ್ಪಣಿಗೂ ದಿನಾಂಕ, ಭಾಗ, ಅಂಕಣ ಸಂಖ್ಯೆ, ಮಾತಾಡಿದವರ ಹೆಸರು ಈ ನಾಲ್ಕನ್ನು ಅಲ್ಲಿಯೇ, ಆಗಲೇ ಬರೆಯಬೇಕು. ಕನ್ನಡಕ್ಕೆ ಅನುವಾದಿಸಿ ಉದ್ಧರಿಸುವಾಗ ಅದು ನಿಮ್ಮ ಅನುವಾದವೆಂದು ಸ್ಪಷ್ಟವಾಗಿ ಸೂಚಿಸಿ, ಮೂಲ ವಾಕ್ಯವನ್ನೂ ನಿಮ್ಮ ಟಿಪ್ಪಣಿಯಲ್ಲಿ ಉಳಿಸಿಕೊಳ್ಳಿ.