ನಿಮ್ಮೂರ ನಕ್ಷೆ ನೀವೇ ಬರೆಯಿರಿ, ಫೋನ್ ಪಕ್ಕಕ್ಕಿಟ್ಟು

ಊರಿನ ನಕ್ಷೆ ಬರೆಯೋಣ ಅಂತ ಕೂತವರು ಮೊದಲು ಫೋನಿನಲ್ಲಿ ಮ್ಯಾಪ್ ತೆರೆಯುತ್ತಾರೆ. ಅಲ್ಲಿಗೆ ಕೆಲಸ ಕೆಟ್ಟಿತು. ಆಮೇಲೆ ಏನೇ ಬರೆದರೂ ಅದರ ನಕಲೇ ಆಗುತ್ತದೆ.

ಎ3 ಅಳತೆಯ ದಪ್ಪ ಡ್ರಾಯಿಂಗ್ ಶೀಟ್, 2ಬಿ ಪೆನ್ಸಿಲ್, ರಬ್ಬರ್ ಸಾಕು. ಸ್ಕೆಚ್ ಪೆನ್ ಬೇಡವೇ ಬೇಡ. ಬಣ್ಣ ಹರಡುತ್ತದೆ, ಬಿಸಿಲು ತಾಗಿದರೆ ಬೇಗ ಮಾಸುತ್ತದೆ.

ಯಾವ ವರ್ಷದ ಊರು ಅಂತ ಮೊದಲೇ ತೀರ್ಮಾನಿಸಿ ಹಾಳೆಯ ಮೇಲ್ಗಡೆ ಬರೆದುಬಿಡಿ. 1994ರ ಟೆಂಟ್ ಸಿನಿಮಾದ ಪಕ್ಕದಲ್ಲೇ ಈಗಿನ ಬೈಪಾಸ್ ಬಂದರೆ ಅದು ಯಾವ ಕಾಲದ ಊರೂ ಆಗಲ್ಲ.

ಎಲ್ಲರೂ ಎಡವುವುದು ಇನ್ನು ಮುಂದೆ. ತಮ್ಮ ಮನೆಯನ್ನು ಹಾಳೆಯ ನಟ್ಟನಡುವೆ ಕಿಟಕಿ, ತುಳಸಿಕಟ್ಟೆ ಸಮೇತ ದೊಡ್ಡದಾಗಿ ಬರೆಯುತ್ತಾರೆ. ಕೆರೆ ಬರುವಷ್ಟರಲ್ಲಿ ಜಾಗವೇ ಇರಲ್ಲ. ಮನೆ ಕೊನೆಗೆ ಬರಲಿ. ಮೊದಲು ಊರಿನ ಉದ್ದದ ದಾರಿಯೊಂದನ್ನು ಹಿಡಿಯಿರಿ, ಬಸ್ ಸ್ಟ್ಯಾಂಡಿನಿಂದ ಕೆರೆ ಏರಿಯವರೆಗೆ ಅಂದುಕೊಳ್ಳಿ. ಎರಡು ತುದಿಗೂ ಚುಕ್ಕಿ ಇಡಿ. ಆಮೇಲೆ ನಡುವಿನ ಅರಳಿಕಟ್ಟೆ, ಹಿಟ್ಟಿನ ಗಿರಣಿ, ಸೊಸೈಟಿ, ಶಾಲೆ. ಅಡ್ಡ ಓಣಿಗಳು ಅದಾದ ಮೇಲೆ. ಎಲ್ಲವೂ ನೆನಪಿನಿಂದಲೇ.

ಈಗ ಎದ್ದು ನಡೆಯಿರಿ, ಹೆಜ್ಜೆ ಎಣಿಸಿ. ದೊಡ್ಡವರ ಒಂದು ಹೆಜ್ಜೆ ಸುಮಾರು ಎರಡೂವರೆ ಅಡಿ. 1 ಸೆಂ.ಮೀ.ಗೆ 50 ಹೆಜ್ಜೆ ಇಟ್ಟುಕೊಂಡರೆ ಹಾಳೆಯ ಉದ್ದದಲ್ಲಿ ಒಂದೂವರೆ ಕಿಲೋಮೀಟರ್ ಹಿಡಿಯುತ್ತದೆ. ಲೆಕ್ಕಕ್ಕೂ ನೆನಪಿಗೂ ತಾಳೆಯಾಗಲ್ಲ, ಗಾಬರಿ ಬೇಡ. ಹುಣಸೆಮರದ ಕೆಳಗಿನ ದಾರಿ ನಡೆದರೆ 80 ಹೆಜ್ಜೆ, ನೀವು ಬರೆದದ್ದು 6 ಸೆಂ.ಮೀ. ರಾತ್ರಿ ಉಸಿರು ಬಿಗಿಹಿಡಿದು ದಾಟುತ್ತಿದ್ದ ಜಾಗ, ಉದ್ದವಾಗದೆ ಇರುತ್ತದಾ? ಅಳಿಸಬೇಡಿ. ಪಕ್ಕದಲ್ಲಿ ಸಣ್ಣಗೆ '80 ಹೆಜ್ಜೆ' ಅಂತ ಬರೆಯಿರಿ. ಹಾಗಂತ ಬಲಗಡೆ ಇದ್ದ ಬಾವಿ ಎಡಗಡೆಗೆ ಹೋಗಿದ್ದರೆ ಮಾತ್ರ ತಿದ್ದಲೇಬೇಕು.

ಊರಿಗೆ ಹೋಗಲಾಗದವರು ಕಂದಾಯ ಇಲಾಖೆಯ ಗ್ರಾಮ ನಕ್ಷೆ ನೋಡಬಹುದು. ಸರ್ವೆ ನಂಬರ್, ಕೆರೆ, ಹಳ್ಳ, ಬಂಡಿದಾರಿ ಸಿಗುತ್ತವೆ. ನೀವು ಗೋಲಿ ಆಡಿದ ಜಗಲಿ ಸಿಗಲ್ಲ.

ದಿಕ್ಕನ್ನು ಸೂರ್ಯ ಹುಟ್ಟುವ ಕಡೆ ನೋಡಿಯೇ ಹಾಕಿ. ದೇವಸ್ಥಾನದ ಮುಖ ಪೂರ್ವಕ್ಕೇ ಇರುತ್ತೆ ಅಂತ ನಂಬಿದರೆ ಕೆಟ್ಟಿರಿ. ಉಡುಪಿಯ ಕೃಷ್ಣ ಪಶ್ಚಿಮಕ್ಕೆ ಮುಖ ಮಾಡಿದ್ದಾನಲ್ವಾ!

ಹೆಸರು ಬರೆಯುವಾಗ ಬೋರ್ಡು ನೋಡಬೇಡಿ. 'ಡಾಕ್ಟ್ರ ಓಣಿ', 'ಟೆಂಟಿನ ಹತ್ರ' ಅಂತ ಜನ ಹೇಗೆ ಅಂತಾರೋ ಹಾಗೇ ಬರಲಿ. ಹಾಳೆಯನ್ನು ಮನೆಯ ಹಿರಿಯರ ಮುಂದೆ ಹರಡಿ, ಖಾಲಿ ಜಾಗದ ಮೇಲೆ ಬೆರಳಿಟ್ಟು "ಇಲ್ಲೇನಿತ್ತಜ್ಜಿ?" ಅಂತ ಕೇಳಿ. ಸುಮ್ನೆ "ಹಳೇದೇನಾದ್ರೂ ಹೇಳಿ" ಅಂದರೆ ಯಾರಿಗೂ ಏನೂ ಹೊಳೆಯಲ್ಲ.

ಇಂಕು ಕೊನೆಗೆ. ನೀರಿಗೆ ಹರಡದ ಪಿಗ್ಮೆಂಟ್ ಇಂಕಿನ ಸಣ್ಣ ಮೊನೆಯ ಪೆನ್ ಕೊಳ್ಳಿ. ಪೂರ್ತಿ ಒಣಗಿದ ಮೇಲೆ ರಬ್ಬರ್ ಹಾಕಿ. ಲ್ಯಾಮಿನೇಷನ್ ಮಾಡಿಸಬೇಡಿ, ಆಮೇಲೆ ಒಂದು ಹೆಸರು ಸೇರಿಸಲೂ ಆಗಲ್ಲ. ಬದಲಿಗೆ ಸ್ಕ್ಯಾನ್ ಮಾಡಿಸಿ ಅಣ್ಣತಮ್ಮಂದಿರಿಗೆ, ಅಕ್ಕತಂಗಿಯರಿಗೆ ಕಳಿಸಿ. "ಗಿರಣಿ ಅಲ್ಲಿರಲಿಲ್ಲ" ಅಂತ ಜಗಳಕ್ಕೆ ಬರುತ್ತಾರೆ. ಅವರು ಹೇಳಿದ್ದನ್ನೂ ಪೆನ್ಸಿಲಿನಲ್ಲಿ ಪಕ್ಕದಲ್ಲೇ ಬರೆದಿಡಿ.