ಉಲ್ಟಾ ಫೋಟೋದಲ್ಲಿದ್ದ ಪ್ಯಾಟನ್ ಟ್ಯಾಂಕ್

ಸ್ನೇಹಿತನ ಮನೆಯ ಆಲ್ಬಮ್‌ನಲ್ಲಿ ಅಂಗೈ ಅಗಲದ ಒಂದು ಕಪ್ಪು ಬಿಳುಪು ಫೋಟೋ. ಕೆಸರಲ್ಲಿ ಹೂತುಕೊಂಡ ಟ್ಯಾಂಕ್, ಅದರ ಮುಂದೆ ಐದು ಜನ ಸೈನಿಕರು, ಅವರಲ್ಲಿ ಒಬ್ಬರು ಅವನ ತಾತ. ಕೆಳಗೆ ಬಾಲ್‌ಪೆನ್ನಿನಲ್ಲಿ ‘ಬಾಂಗ್ಲಾ, 1971’ ಅಂತ ಇತ್ತು. ತಾತ ತೀರಿಕೊಂಡ ಮೇಲೆ ಮನೆಯವರೇ ಬರೆದದ್ದು. ಯಾಕೆ ಬಾಂಗ್ಲಾ ಅಂದರೆ, ಟ್ಯಾಂಕಿನ ಮೇಲೆ ಬಂಗಾಳಿ ಅಕ್ಷರ ಇದೆಯಲ್ಲ ಅಂದರು.

ಮನೆಗೆ ತಂದು ದೊಡ್ಡದಾಗಿ ಸ್ಕ್ಯಾನ್ ಮಾಡಿದೆ. ನಾನು ಮೊದಲು ನೋಡೋದು ಫಿರಂಗಿಯನ್ನಲ್ಲ, ಗಾಲಿಗಳನ್ನು. ಇಲ್ಲಿ ಆರು ದೊಡ್ಡ ಗಾಲಿ. 1971ರಲ್ಲಿ ಪೂರ್ವ ಪಾಕಿಸ್ತಾನದಲ್ಲಿ, ಅಂದರೆ ಈಗಿನ ಬಾಂಗ್ಲಾದಲ್ಲಿ, ಪಾಕಿಸ್ತಾನದ ಸೇನೆಯ ಹತ್ತಿರ ಇದ್ದದ್ದು ಹೆಚ್ಚಾಗಿ ಎಂ-24 ಚಾಫಿ ಅನ್ನೋ ಹಗುರ ಟ್ಯಾಂಕ್, ಅದಕ್ಕೆ ಐದೇ ಗಾಲಿ. ಹಾಗಾದರೆ ನಮ್ಮದೇ ಪಿಟಿ-76 ಇರಬಹುದಾ? ಅದಕ್ಕೆ ಆರು ಗಾಲಿ ಇದೆ, ಬಾಂಗ್ಲಾದಲ್ಲಿ ಓಡಾಡಿದೆ ಕೂಡ, ಆದರೆ ಚೈನಿನ ಮೇಲ್ಭಾಗವನ್ನು ಹೊರುವ ಪುಟ್ಟ ಗಾಲಿಗಳು ಅದಕ್ಕಿಲ್ಲ. ಈ ಫೋಟೋದಲ್ಲಿ ಮೂರು ಪುಟ್ಟ ಗಾಲಿ ಸ್ಪಷ್ಟವಾಗಿ ಕಾಣುತ್ತಿದ್ದವು. ಪಾಕಿಸ್ತಾನದ ಹತ್ತಿರ ಇದ್ದ ಅಮೆರಿಕದ ಪ್ಯಾಟನ್ ಟ್ಯಾಂಕ್ ಇದು ಅಂತ ಅಲ್ಲೇ ಗೊತ್ತಾಯಿತು. ಪ್ಯಾಟನ್‌ಗಳು ಇದ್ದದ್ದು ಪಶ್ಚಿಮದ ಗಡಿಯಲ್ಲಿ!

ಪ್ಯಾಟನ್‌ನಲ್ಲಿ ಎಂ-47, ಎಂ-48 ಅಂತ ಮಾದರಿಗಳಿವೆ. ಖುಷಿಯಲ್ಲಿ ಎಂ-48 ಅಂತ ಬರೆದಿಟ್ಟುಕೊಂಡೆ. ಅವಸರ. ನಮ್ಮ ಬೀದಿಯ ನಿವೃತ್ತ ಹವಾಲ್ದಾರರೊಬ್ಬರು ನೋಡಿ, ‘ಮೂತಿ ನೋಡಪ್ಪಾ’ ಅಂದರು. ಎಂ-48ರ ಮುಂಭಾಗ ದೋಣಿಯ ತಳದ ಹಾಗೆ ದುಂಡಗೆ, ಅಲ್ಲಿ ಮಷಿನ್‌ಗನ್ ಇರುವುದಿಲ್ಲ. ಇದರ ಮುಂಭಾಗ ಚಪ್ಪಟೆ, ಗುಂಡಿಯಂಥ ಜಾಗದಿಂದ ಮಷಿನ್‌ಗನ್ನಿನ ಕೊಳವೆ ಚಾಚಿತ್ತು. ಅಂದರೆ ಎಂ-47. ಆದರೆ ಆ ಮಷಿನ್‌ಗನ್ ಟ್ಯಾಂಕಿನ ಬಲಕ್ಕಿರಬೇಕು, ಎದುರಿಂದ ನೋಡುವ ನಮಗೆ ಎಡಗಡೆ ಕಾಣಬೇಕು. ಇಲ್ಲಿ ಬಲಗಡೆ ಕಾಣುತ್ತಿತ್ತು. ಅರ್ಧ ಗಂಟೆ ತಲೆ ಕೆರೆದುಕೊಂಡೆ. ಆಮೇಲೆ ಒಬ್ಬ ಸೈನಿಕನ ಕೈಯಲ್ಲಿದ್ದ ಸ್ಟೆನ್‌ಗನ್ ಕಣ್ಣಿಗೆ ಬಿತ್ತು. ಸ್ಟೆನ್‌ಗನ್ನಿನ ಮ್ಯಾಗಜಿನ್, ಅಂದರೆ ಗುಂಡು ತುಂಬುವ ಡಬ್ಬಿ, ಎಡಕ್ಕೆ ಚಾಚಿರಬೇಕು, ಇದರಲ್ಲಿ ಬಲಕ್ಕೆ ಚಾಚಿತ್ತು. ತಾತನ ಶರ್ಟಿನ ಗುಂಡಿಪಟ್ಟಿಯೂ ಹೆಂಗಸರ ಶರ್ಟಿನ ಹಾಗೆ ಬಲಭಾಗ ಮೇಲೆ! ಪ್ರಿಂಟ್ ಹಾಕುವಾಗ ಸ್ಟುಡಿಯೋದವರು ನೆಗೆಟಿವ್ ಮಗುಚಿ ಇಟ್ಟಿದ್ದರು, ಅಷ್ಟೇ. ಕಂಪ್ಯೂಟರ್‌ನಲ್ಲಿ ಚಿತ್ರ ತಿರುಗಿಸಿದ ಕೂಡಲೇ ಆ ‘ಬಂಗಾಳಿ ಅಕ್ಷರ’ ಸೀಮೆಸುಣ್ಣದಲ್ಲಿ ಬರೆದ ಇಂಗ್ಲಿಷ್ ಅಂಕಿಗಳಾಗಿಬಿಟ್ಟವು.

ಇನ್ನು ವರ್ಷ. ಪ್ಯಾಟನ್‌ಗಳು 1965, 1971 ಎರಡೂ ಯುದ್ಧದಲ್ಲಿ ಪಶ್ಚಿಮದಲ್ಲಿದ್ದವು, ಹಾಗಾಗಿ ಟ್ಯಾಂಕ್ ಒಂದರಿಂದಲೇ ತೀರ್ಮಾನ ಆಗಲ್ಲ. 1971ರ ಯುದ್ಧ ನಡೆದದ್ದು ಡಿಸೆಂಬರ್‌ನಲ್ಲಿ, ಪಂಜಾಬಿನ ಆ ಚಳಿಯಲ್ಲಿ ಸ್ವೆಟರ್ ಇಲ್ಲದೆ ನಿಲ್ಲೋದು ಕಷ್ಟ. ಇವರೆಲ್ಲ ತೋಳು ಮಡಚಿಕೊಂಡಿದ್ದಾರೆ, ಒಬ್ಬನ ಬೆನ್ನು ಬೆವರಿನಿಂದ ಒದ್ದೆ. ಹಿಂದುಗಡೆ ಆಳೆತ್ತರದ ಬೆಳೆ. ಮಂಡ್ಯದವನಿಗೆ ಕಬ್ಬು ಗೊತ್ತಾಗಲ್ವಾ? 1965ರ ಸೆಪ್ಟೆಂಬರ್ 8ರಿಂದ 10ರವರೆಗೆ ಪಂಜಾಬಿನ ಗಡಿಯ ಖೇಮಕರಣದ ಹತ್ತಿರ ಅಸಲ್ ಉತ್ತರ್‌ನಲ್ಲಿ ನಮ್ಮವರು ಹೊಲಕ್ಕೆ ನೀರು ಬಿಟ್ಟು, ಕಬ್ಬಿನ ಮರೆಯಲ್ಲಿ ಕಾದು ಕೂತಿದ್ದರು. ಭಾರದ ಪ್ಯಾಟನ್‌ಗಳು ಆ ಕೆಸರಲ್ಲಿ ಹೂತು ಸಿಕ್ಕಿಬಿದ್ದವು. ಜೀಪಿನ ಮೇಲಿನ ಫಿರಂಗಿಯಿಂದ ಟ್ಯಾಂಕ್‌ಗಳನ್ನು ಹೊಡೆದು ಪ್ರಾಣ ಬಿಟ್ಟ ಅಬ್ದುಲ್ ಹಮೀದ್ ಹೋರಾಡಿದ್ದೂ ಅಲ್ಲೇ. ಹಿಡಿದ ಟ್ಯಾಂಕ್‌ಗಳನ್ನು ಆಮೇಲೆ ಭಿಖಿವಿಂಡ್‌ನಲ್ಲಿ ಸಾಲಾಗಿ ನಿಲ್ಲಿಸಿ ಆ ಜಾಗಕ್ಕೆ ‘ಪ್ಯಾಟನ್ ನಗರ’ ಅಂತಲೇ ಹೆಸರಿಟ್ಟರು.

ಕೆಸರು, ಕಬ್ಬು, ಸೆಕೆ, ಎಂ-47 ಎಲ್ಲ ಸೇರಿದರೆ ನನಗೆ ಖೇಮಕರಣದ ಕಡೆ ಅಂತಲೇ ಅನ್ನಿಸುತ್ತದೆ. ಆದರೆ ಯಾವ ಹೊಲ ಅಂತ ಹೇಳುವ ಗುರುತು ಫೋಟೋದಲ್ಲಿಲ್ಲ. ಅಜ್ಜಿಗೆ ತೋರಿಸಿದಾಗ ಅವರು ಟ್ಯಾಂಕ್ ನೋಡಲೇ ಇಲ್ಲ. ತಿರುಗಿಸಿದ ಚಿತ್ರದಲ್ಲಿ ಗಂಡನ ಬೈತಲೆ ಎಡಗಡೆಗೆ ಬಂದದ್ದು ನೋಡಿ, ‘ಈಗ ಸರಿಯಾಯ್ತು ನೋಡು’ ಅಂದರು. ಆಲ್ಬಮ್‌ನಲ್ಲಿನ ಬಾಲ್‌ಪೆನ್ ಬರಹ ಅಳಿಸಲು ಹೋಗಲಿಲ್ಲ. ಫೋಟೋದ ಹಿಂದೆ ಪೆನ್ಸಿಲ್‌ನಲ್ಲಿ ‘ಖೇಮಕರಣ? ಸೆಪ್ಟೆಂಬರ್ 1965’ ಅಂತ ಬರೆದು ವಾಪಸ್ ಕೊಟ್ಟೆ.